ಎಣ್ಣೆ ಬೆರೆತ ಡೀಸೆಲ್: ಎಂಜಿನ್ನಿನ ದುಡಿಮೆಯೂ ಅದರ ಹೊಗೆಯೂ

ಎಣ್ಣೆಯಲ್ಲಿ ತಿನ್ನುವುದು ಬೇರೆ, ಉರಿಸುವುದು ಬೇರೆ ಎಂದು ವಿಂಗಡಿಸುವ ವಿವೇಕ ನಮ್ಮ ಜನರಲ್ಲಿ ಬಹಳ ಹಿಂದಿನಿಂದಲೂ ಇದೆ. ಕಲಬುರಗಿಯ ಸೀಮೆಯಲ್ಲಿ ಕುಸುಬೆಯ ಎಣ್ಣೆ ಅಡುಗೆಯ ಮನೆಗೆ ಸಲ್ಲುತ್ತಿತ್ತು. ಹೊಂಗೆ, ಬೇವು, ಔಡಲಗಳ ಎಣ್ಣೆ ದೀಪಕ್ಕೂ ಔಷಧಕ್ಕೂ ಬಂಡಿಯ ಅಚ್ಚಿಗೂ ಸಲ್ಲುತ್ತಿತ್ತು. ಸೀಮೆಯೆಣ್ಣೆಯೂ ಅದರ ಹಿಂದೆಯೇ ವಿದ್ಯುದ್ದೀಪವೂ ಬಂದ ಮೇಲೆ ಈ ಎರಡನೆಯ ಜಾತಿಯ ಎಣ್ಣೆಗಳಿಗೆ ಕೆಲಸ ತಪ್ಪಿಹೋಯಿತು. ಈಗ ಅವುಗಳಿಗೆ ಹೊಸದೊಂದು ಉದ್ಯೋಗವನ್ನು ಸೂಚಿಸುತ್ತಿದ್ದಾರೆ. ಡೀಸೆಲ್ಲಿನೊಡನೆ ಬೆರೆತು ಎಂಜಿನ್ನನ್ನು ನಡೆಸುವುದೇ ಆ ಉದ್ಯೋಗ. ಇದರಿಂದ ಹೊಗೆ ಇಳಿಯುತ್ತದೆ, ರೈತನ ಕೈಗೆ ನಾಲ್ಕು ಕಾಸು ಬರುತ್ತದೆ ಎಂದು ಒಂದು ಪಕ್ಷದವರು ಹೇಳುತ್ತಾರೆ. ಎಂಜಿನ್ನು ಕೆಡುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯದ ಅಂಶ ಉಂಟು. ಯಾವ ಮಾತಿನಲ್ಲಿ ಎಷ್ಟು ಸತ್ಯವೆಂಬುದನ್ನು ತೂಗಿ ನೋಡುವುದೇ ನಮ್ಮ ಈ ಭಾಷಣದ ಉದ್ದೇಶ.

ಈ ವಿಚಾರ ಪಟ್ಟಣವಾಸಿಗಳಿಗೆ ಸಂಬಂಧಿಸಿದ್ದಲ್ಲವೆಂದು ಯಾರೂ ಭಾವಿಸಬಾರದು. ಕಲಬುರಗಿ ತೊಗರಿಯ ಕಣಜ. ನೆಹರೂ ಗಂಜಿನ ಪೇಟೆಗೆ ಕಾಳನ್ನು ತರುವುದೂ ಅಲ್ಲಿಂದ ಬೇಳೆಯನ್ನು ಹೊರ ಪ್ರಾಂತಗಳಿಗೆ ಒಯ್ಯುವುದೂ ಡೀಸೆಲ್ ಲಾರಿಗಳೇ. ಕಪನೂರಿನ ಕೈಗಾರಿಕಾ ಪ್ರದೇಶವನ್ನು ದಾಟಿ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ಓಡುವ ವಾಹನಗಳಲ್ಲಿ ಬಹುಪಾಲು ಇದೇ ಜಾತಿಯವು. ವಿದ್ಯುತ್ತು ನಿಂತ ಗಳಿಗೆಯಲ್ಲಿ ಅಂಗಡಿ ಆಸ್ಪತ್ರೆಗಳ ಹಿಂಬದಿಯಲ್ಲಿ ಗುಡುಗತೊಡಗುವ ಜನರೇಟರೂ ಅದೇ ಕುಲದ್ದು. ಡೀಸೆಲ್ ಹೊಗೆ ಮನುಷ್ಯರಲ್ಲಿ ಅರ್ಬುದರೋಗವನ್ನುಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು ೨೦೧೨ನೆಯ ಇಸವಿಯಲ್ಲಿ ನಿಸ್ಸಂದೇಹವಾಗಿ ಸಾರಿತು. ಹೀಗಿರುವಾಗ ಹೊಗೆಯ ಪ್ರಶ್ನೆ ಗಂಜಿನ ಹಮಾಲನದು ಎಷ್ಟೋ, ಅದೇ ಬೀದಿಯಲ್ಲಿ ಶಾಲೆಗೆ ನಡೆಯುವ ನಮ್ಮ ಮಕ್ಕಳದೂ ಅಷ್ಟೆ.

ಮೊದಲು ಎಂಜಿನ್ನಿನ ಸ್ವಭಾವವನ್ನು ತಿಳಿಯೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸುವುದಕ್ಕೆ ವಿದ್ಯುತ್ತಿನ ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ಬಲ್ಲರು. ಒತ್ತಿದ ಗಾಳಿ ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಅದರ ಗಾತ್ರದ ಹದಿನಾರು ಹದಿನೇಳರಲ್ಲೊಂದು ಪಾಲಿಗೆ ಅದುಮಿಬಿಡುತ್ತಾರೆ. ಕೆಂಪಗೆ ಕಾದ ಕಬ್ಬಿಣದಂತಹ ಆ ಗಾಳಿಯೊಳಕ್ಕೆ ಇಂಧನವನ್ನು ಸೂಕ್ಷ್ಮವಾದ ರಂಧ್ರಗಳ ಮೂಲಕ ತುಂತುರಾಗಿ ಚಿಮ್ಮಿಸಿದೊಡನೆಯೇ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಕಲ್ಪನೆಯನ್ನು ಕಾರ್ಯಕ್ಕೆ ತಂದವನು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು. ೧೮೯೭ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅವನ ಎಂಜಿನ್ನನ್ನು ಪರೀಕ್ಷೆಮಾಡಿದಾಗ ಇಂಧನದ ಉಷ್ಣದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಕೆಲಸವಾಗಿ ಪರಿಣಮಿಸಿತು. ಅಂದಿನ ಸಾಧಾರಣ ಉಗಿಯಂತ್ರಗಳು ಹತ್ತರಲ್ಲೊಂದು ಪಾಲನ್ನು ಮುಟ್ಟುವುದಕ್ಕೂ ಹೆಣಗುತ್ತಿದ್ದವು.

೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂತಹದೊಂದು ಚಿಕ್ಕ ಎಂಜಿನ್ನು ನೆಲಗಡಲೆಯ ಎಣ್ಣೆಯಿಂದ ನಡೆಯಿತು. ಅದು ಎಷ್ಟು ಸಲೀಸಾಗಿ ನಡೆಯಿತೆಂದರೆ, ಇಂಧನ ಬೇರೆಯೆಂಬುದು ನೋಡಿದವರಲ್ಲಿ ಕೆಲವರಿಗೆ ಹೊರತು ತಿಳಿಯಲೇ ಇಲ್ಲ. ಸಸ್ಯಗಳ ಎಣ್ಣೆ ಇಂದು ಅಲ್ಪವಾಗಿ ಕಂಡರೂ ಮುಂದೆ ಕಲ್ಲೆಣ್ಣೆಗೆ ಸಮನಾಗಬಹುದೆಂದು ಡೀಸೆಲನೇ ೧೯೧೨ರಲ್ಲಿ ಅಭಿಪ್ರಾಯಪಟ್ಟನು. ಆದುದರಿಂದ ಎಂಜಿನ್ನಿಗೆ ಎಣ್ಣೆ ಉಣಿಸುವುದು ಈಚಿನವರ ಹುಚ್ಚಲ್ಲ. ಅದು ಎಂಜಿನ್ನಿನಷ್ಟೇ ಹಳೆಯ ಯೋಚನೆ.

ಹಾಗಾದರೆ ಗಾಣದ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿದರೆ ಸಾಲದೇ? ಇಲ್ಲಿ ಅಡ್ಡಿಯಾಗುವುದು ಎಣ್ಣೆಯ ಮಂದತೆ. ಬೆಚ್ಚನೆಯ ವಾತಾವರಣದಲ್ಲಿ ಹೊಂಗೆಯ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಾಲಿಗೂ ಮಿಕ್ಕು ಮಂದವಾಗಿರುತ್ತದೆ. ಮಂದವಾದ ದ್ರವ ತುಂತುರಾಗದೆ ದಪ್ಪ ಹನಿಗಳಾಗಿ ಬೀಳುತ್ತದೆ. ದಪ್ಪ ಹನಿ ಪೂರ್ತಿ ಉರಿಯದೆ ಚಿಮ್ಮುವ ಮೂತಿಯ ಮೇಲೂ ಪಿಸ್ಟನ್ನಿನ ಬಳೆಗಳ ನಡುವೆಯೂ ಕರಿಯಾಗಿ ಕಟ್ಟುತ್ತದೆ. ಉರಿಯದೆ ಉಳಿದುದು ಕೆಳಗಿಳಿದು ಎಂಜಿನ್ ಆಯಿಲ್ಲನ್ನು ಕೆಡಿಸುತ್ತದೆ. ಮಂದತೆಯನ್ನು ಇಳಿಸುವುದಕ್ಕೆ ಮೂರು ಉಪಾಯಗಳಿವೆ: ಡೀಸೆಲ್ಲಿನೊಡನೆ ಬೆರೆಸುವುದು, ಬಿಸಿಮಾಡುವುದು, ಎಣ್ಣೆಯ ರಸಾಯನವನ್ನೇ ಬದಲಿಸುವುದು.

ಮೊದಲಿನ ಎರಡು ಉಪಾಯಗಳ ಪರೀಕ್ಷೆ ಕಲಬುರಗಿಯಲ್ಲಿಯೇ ನಡೆದಿದೆಯೆಂಬುದು ನಮಗೆ ಹೆಮ್ಮೆಯ ಸಂಗತಿ. ೧೯೫೮ರಲ್ಲಿ ಸ್ಥಾಪಿತವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು, ಬೇರೆಡೆಯ ವಿದ್ವಾಂಸರೊಡನೆ ಸೇರಿ, ಪುಂಡಿಯ ಬೀಜದ ಎಣ್ಣೆಯನ್ನು ಡೀಸೆಲ್ ಎಂಜಿನ್ನಿಗೆ ಉಣಿಸಿ ನೋಡಿದ ಫಲವನ್ನು ೨೦೦೬ರಲ್ಲಿ ಪ್ರಕಟಿಸಿದರು. ರೊಟ್ಟಿಯ ಜೊತೆಗೆ ನಾವು ಪಲ್ಯವಾಗಿ ಉಣ್ಣುವ ಅದೇ ಪುಂಡಿ. ನಾಲ್ಕರಲ್ಲಿ ಒಂದು ಪಾಲು ಎಣ್ಣೆಯಾದರೆ ಬಿಸಿಮಾಡದೆಯೂ, ಅರ್ಧಕ್ಕರ್ಧವಾದರೆ ಮೊದಲೇ ಬಿಸಿಮಾಡಿಯೂ ಎಂಜಿನ್ನನ್ನು ಬದಲಿಸದೆ ನಡೆಸಬಹುದೆಂದು ಅವರು ಕಂಡರು. ಕಳೆದ ಶತಮಾನದ ಕೊನೆಯ ವೇಳೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆಯ ಎಣ್ಣೆಯಿಂದಲೇ ಜನರೇಟರನ್ನು ನಡೆಸಿ ಹೊಲಗಳಿಗೆ ನೀರೆತ್ತುವ ಪ್ರಯೋಗವನ್ನು ನಡೆಸಿದರು. ಒಂದೇ ವೇಗದಲ್ಲಿ, ಒಂದೇ ಹೊರೆಯಲ್ಲಿ ನಿಂತು ದುಡಿಯುವ ಎಂಜಿನ್ನಿಗೆ ಬರಿಯ ಎಣ್ಣೆಯೂ ಒಗ್ಗುತ್ತದೆ. ಗಳಿಗೆಗೊಮ್ಮೆ ವೇಗ ಬದಲಿಸುವ ಬಸ್ಸು ಲಾರಿಗಳಿಗೆ ಅದು ತಕ್ಕುದಲ್ಲ.

ಮೂರನೆಯ ಉಪಾಯವೇ ಇಂದು ಬಯೋಡೀಸೆಲ್ ಎಂದು ಪ್ರಸಿದ್ಧವಾಗಿರುವುದು. ಎಣ್ಣೆಯ ಒಂದೊಂದು ಅಣುವೂ ಮೂರು ಎಳೆಗಳ ಜಡೆಯಂತೆ ಇದೆ. ಗ್ಲಿಸರೀನು ಜಡೆಯ ಗಂಟು. ಕೊಬ್ಬಿನ ಆಮ್ಲಗಳು ಅದರಿಂದ ಇಳಿಬಿದ್ದ ಮೂರು ಎಳೆಗಳು. ಎಣ್ಣೆಗೆ ಮೆಥನಾಲ್ ಎಂಬ ಮದ್ಯಸಾರವನ್ನೂ ಅಲ್ಪ ಪ್ರಮಾಣದ ಕಾಸ್ಟಿಕ್ ಸೋಡಾವನ್ನೂ ಸೇರಿಸಿ ಸುಮಾರು ೬೦ ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಒಂದೆರಡು ಗಂಟೆ ಕಲಕಿದರೆ ಗಂಟು ಬಿಚ್ಚಿ, ಒಂದೊಂದು ಎಳೆಯೂ ಒಂದೊಂದು ಮೆಥನಾಲ್ ಅಣುವನ್ನು ಹಿಡಿದು ಬೇರೆಯಾಗುತ್ತದೆ. ತಣಿಯಲು ಬಿಟ್ಟರೆ ಭಾರವಾದ ಗ್ಲಿಸರೀನು ತಳಕ್ಕಿಳಿಯುತ್ತದೆ. ಮೇಲೆ ನಿಂತ ತಿಳಿಯನ್ನು ತೊಳೆದು ಆರಿಸಿದರೆ ಅದೇ ಬಯೋಡೀಸೆಲ್. ೧೦೦ ಕಿಲೋಗ್ರಾಂ ಎಣ್ಣೆ ಸುಮಾರು ೧೧ ಕಿಲೋಗ್ರಾಂ ಮೆಥನಾಲನ್ನು ಹೀರಿ, ಹೆಚ್ಚುಕಡಮೆ ೧೦೦ ಕಿಲೋಗ್ರಾಂ ಬಯೋಡೀಸೆಲ್ಲನ್ನೂ ಸುಮಾರು ೧೦ ಕಿಲೋಗ್ರಾಂ ಗ್ಲಿಸರೀನನ್ನೂ ಕೊಡುತ್ತದೆ. ಮಂದತೆ ಡೀಸೆಲ್ಲಿನ ನೆರೆಗೆ ಬಂದು ನಿಲ್ಲುತ್ತದೆ. ತಾಳೆಯೆಣ್ಣೆಯನ್ನು ಹೀಗೆ ಮಾರ್ಪಡಿಸಿ ಇಂಧನವಾಗಿ ಬಳಸುವ ವಿಧಾನಕ್ಕೆ ಬ್ರಸೆಲ್ಸ್ ವಿಶ್ವವಿದ್ಯಾನಿಲಯದ ಶಾವಾನ್ ಎಂಬವರು ೧೯೩೭ರಲ್ಲಿಯೇ ಪೇಟೆಂಟು ಪಡೆದಿದ್ದರು. ಒಂದು ಎಚ್ಚರಿಕೆ ಅಗತ್ಯ. ಬೀಜ ಹಳೆಯದಾಗಿ ಎಣ್ಣೆ ಹುಳಿತಿದ್ದರೆ ಸೋಡಾ ಅದನ್ನು ಸಾಬೂನು ಮಾಡಿಬಿಡುತ್ತದೆ. ಅಂತಹ ಎಣ್ಣೆಯನ್ನು ಮೊದಲು ಗಂಧಕಾಮ್ಲದ ನೆರವಿನಿಂದ ಶುದ್ಧಿಗೊಳಿಸಬೇಕಾಗುತ್ತದೆ. ಮೆಥನಾಲ್ ವಿಷಪದಾರ್ಥವಾದುದರಿಂದ ಇದು ಅಂಗಳದಲ್ಲಿ ಮಾಡುವ ಕೆಲಸವೂ ಅಲ್ಲ.

ಇನ್ನು ದುಡಿಮೆಯ ಲೆಕ್ಕ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಈ ಪರೀಕ್ಷೆಗೆ ಸಾಮಾನ್ಯವಾಗಿ ಇಟ್ಟಿರುವುದು ಒಂದೇ ಸಿಲಿಂಡರಿನ, ನಿಮಿಷಕ್ಕೆ ೧೫೦೦ ಸುತ್ತು ತಿರುಗುವ, ೫.೨ ಕಿಲೋವಾಟ್ ಶಕ್ತಿಯ ಕಿರ್ಲೋಸ್ಕರ್ ಎಂಜಿನ್ನು. ಆ ಹೆಸರಿಗೆ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿಯ ಸೀಮೆಯ ಗುರ್ಲಹೊಸೂರಿನಲ್ಲಿ. ಎಂಜಿನ್ನಿಗೆ ತಡೆಯ ಹೊರೆಯನ್ನು ಹೂಡಿ, ಇಷ್ಟು ಹೊರೆಯನ್ನು ಎಳೆಯಲು ಇಷ್ಟು ಹೊತ್ತಿಗೆ ಎಷ್ಟು ಇಂಧನ ಸಂದಿತು ಎಂದು ಅಳೆಯುತ್ತಾರೆ. ಬಯೋಡೀಸೆಲ್ಲಿನ ತೂಕದಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ಆಮ್ಲಜನಕವೇ ಇದೆ. ಆಮ್ಲಜನಕ ಉರಿಯಲು ನೆರವಾಗುತ್ತದೆಯೇ ಹೊರತು ತಾನು ಉರಿಯುವ ವಸ್ತುವಲ್ಲ. ಆದುದರಿಂದ ಲೀಟರು ಡೀಸೆಲ್ಲಿನಲ್ಲಿ ಸುಮಾರು ೩೫.೭ ಮೆಗಾಜೂಲ್ ಉಷ್ಣವಿದ್ದರೆ ಲೀಟರು ಬಯೋಡೀಸೆಲ್ಲಿನಲ್ಲಿ ಸುಮಾರು ೩೩ ಮಾತ್ರ.

ಇದರ ಪರಿಣಾಮವನ್ನು ಲೆಕ್ಕಹಾಕುವುದು ಸುಲಭ. ೧೦೦ ಲೀಟರು ಡೀಸೆಲ್ಲಿನಿಂದ ಆಗುವ ಕೆಲಸಕ್ಕೆ ಬರಿಯ ಬಯೋಡೀಸೆಲ್ಲಾದರೆ ಸುಮಾರು ೧೦೮ ಲೀಟರು ಬೇಕು. ಐದರಲ್ಲಿ ಒಂದು ಪಾಲು ಬೆರೆಸಿದ, ಬಿ-೨೦ ಎಂದು ಕರೆಯುವ ಮಿಶ್ರಣವಾದರೆ ಸುಮಾರು ೧೦೧.೫ ಲೀಟರು ಸಾಕು. ಎಂಜಿನ್ನು ಹೆಚ್ಚು ಕುಡಿಯುತ್ತದೆ ಎಂಬ ದೂರು ಇಷ್ಟರಮಟ್ಟಿಗೆ ನಿಜ. ಆದರೆ ಎಂಜಿನ್ನಿನ ದಕ್ಷತೆಯೇ ಕೆಟ್ಟಿತೆನ್ನುವುದು ನಿಜವಲ್ಲ. ಕೊಟ್ಟ ಉಷ್ಣದಲ್ಲಿ ಎಷ್ಟು ಪಾಲನ್ನು ಎಂಜಿನ್ನು ಕೆಲಸವಾಗಿ ಹಿಂದಿರುಗಿಸುತ್ತದೆಂಬುದೇ ದಕ್ಷತೆ. ಬಿ-೨೦ಯಲ್ಲಿ ಅದು ಡೀಸೆಲ್ಲಿಗೆ ಬಹುಮಟ್ಟಿಗೆ ಸಮನಾಗಿಯೇ ಇರುತ್ತದೆ. ಎತ್ತು ಮೊದಲಿನಷ್ಟೇ ಗಟ್ಟಿ. ಮೇವಿನಲ್ಲಿ ಸತ್ತ್ವ ಸ್ವಲ್ಪ ಕಡಮೆ. ಇಂಧನದ ಬೆಲೆ ಕಟ್ಟುವಾಗ ಲೀಟರನ್ನು ನೋಡದೆ ಅದರೊಳಗಿನ ಉಷ್ಣವನ್ನು ನೋಡಬೇಕೆಂಬುದು ಇದರಿಂದ ಕಲಿಯತಕ್ಕ ಪಾಠ.

ಹೊಗೆಯ ವಿಚಾರಕ್ಕೆ ಬರೋಣ. ಡೀಸೆಲ್ ಹೊಗೆಯಲ್ಲಿ ನಾವು ಎಣಿಸಬೇಕಾದವು ಮುಖ್ಯವಾಗಿ ನಾಲ್ಕು: ಕಣ್ಣಿಗೆ ಕಾಣುವ ಮಸಿಯ ಕಣಗಳು, ಅರೆ ಉರಿದ ಇಂಗಾಲದಿಂದ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡು, ಉರಿಯದೆ ಹೊರಬೀಳುವ ಇಂಧನದ ಆವಿ, ಮತ್ತು ಸಾರಜನಕದ ಆಕ್ಸೈಡುಗಳು. ಅಮೆರಿಕದ ಪರಿಸರ ರಕ್ಷಣಾ ಇಲಾಖೆಯು ಅದುವರೆಗಿನ ಅನೇಕ ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿ ೨೦೦೨ರಲ್ಲಿ ಹೊರಡಿಸಿದ ವರದಿಯಂತೆ, ಸೋಯಾ ಎಣ್ಣೆಯ ಬಯೋಡೀಸೆಲ್ಲನ್ನು ಶೇಕಡ ೨೦ ಬೆರೆಸಿದಾಗ ಭಾರಿ ವಾಹನಗಳ ಎಂಜಿನ್ನುಗಳಲ್ಲಿ ಮಸಿಯ ಕಣಗಳು ಶೇಕಡ ೧೦, ಕಾರ್ಬನ್ ಮಾನಾಕ್ಸೈಡು ಶೇಕಡ ೧೧, ಉರಿಯದ ಆವಿ ಶೇಕಡ ೨೧ರಷ್ಟು ಇಳಿದುವು. ಬರಿಯ ಬಯೋಡೀಸೆಲ್ಲಿನಲ್ಲಿ ಈ ಇಳಿತ ಕ್ರಮವಾಗಿ ೪೭, ೪೮, ೬೭. ಇಂಧನದೊಳಗೇ ಇರುವ ಆಮ್ಲಜನಕವು ಗಾಳಿ ಸಾಲದ ಮೂಲೆಗಳಲ್ಲಿಯೂ ಉರಿಯನ್ನು ಪೂರ್ಣಗೊಳಿಸುವುದೇ ಇದಕ್ಕೆ ಮುಖ್ಯ ಕಾರಣ.

ಆದರೆ ನಾಲ್ಕನೆಯದು ಇಳಿಯಲಿಲ್ಲ, ಏರಿತು. ಸಾರಜನಕದ ಆಕ್ಸೈಡುಗಳು ಬಿ-೨೦ಯಲ್ಲಿ ಶೇಕಡ ೨, ಬರಿಯ ಬಯೋಡೀಸೆಲ್ಲಿನಲ್ಲಿ ಶೇಕಡ ೧೦ ಹೆಚ್ಚಿದುವು. ಇವು ಇಂಧನದಿಂದ ಬಂದವಲ್ಲ, ಗಾಳಿಯಿಂದ ಬಂದವು. ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಸಾಧಾರಣವಾಗಿ ಅದು ಯಾರ ಗೊಡವೆಗೂ ಹೋಗದ ಸಾಧು. ಉಷ್ಣ ೧೫೦೦ ಡಿಗ್ರಿಯನ್ನು ಮೀರಿದರೆ ಮಾತ್ರ ಅದು ಆಮ್ಲಜನಕದೊಡನೆ ಕೂಡಿಬಿಡುತ್ತದೆ. ಎಣ್ಣೆಯ ಇಂಧನ ಡೀಸೆಲ್ಲಿನಷ್ಟು ಅದುಮಿಗೆ ಬಗ್ಗದುದರಿಂದ ಹಳೆಯ ಮಾದರಿಯ ಪಂಪುಗಳಲ್ಲಿ ಕ್ಷಣಾಂಶ ಮೊದಲೇ ಚಿಮ್ಮುತ್ತದೆ, ಮೊದಲೇ ಹೊತ್ತುತ್ತದೆ, ಒಳಗಿನ ಉಷ್ಣ ಏರುತ್ತದೆ. ಹೊರಬಿದ್ದ ಈ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಬೆರೆತು ಶ್ವಾಸಕೋಶಕ್ಕೆ ಕೇಡಾದ ಓಜೋನನ್ನು ಹುಟ್ಟಿಸುತ್ತವೆ. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ಕಲಬುರಗಿಯ ಬಿಸಿಲಿನಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಚಿಮ್ಮುವ ವೇಳೆಯನ್ನು ಸ್ವಲ್ಪ ತಡಮಾಡಿದರೆ ಈ ದೋಷ ಇಳಿಯುತ್ತದೆ. ಆದರೆ ಹೆಚ್ಚು ತಡಮಾಡಿದರೆ ದಕ್ಷತೆ ತಗ್ಗಿ ಮಸಿ ಹೆಚ್ಚುತ್ತದೆ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುವ ಈ ಕಷ್ಟ ಡೀಸೆಲ್ ಎಂಜಿನ್ನಿನ ಜನ್ಮಕ್ಕೆ ಅಂಟಿದ್ದು.

ಇಂಗಾಲಾಮ್ಲದ ಲೆಕ್ಕ ಬೇರೆ. ಕೊಳವೆಯ ತುದಿಯಲ್ಲಿ ಅಳೆದರೆ ಎರಡು ಇಂಧನಗಳಿಗೂ ಹೆಚ್ಚಿನ ಭೇದ ಕಾಣದು. ಭೇದವಿರುವುದು ಮೂಲದಲ್ಲಿ. ಡೀಸೆಲ್ಲಿನ ಇಂಗಾಲ ಕೋಟ್ಯಂತರ ವರ್ಷಗಳಿಂದ ಭೂಗರ್ಭದಲ್ಲಿದ್ದುದು; ಹೊಂಗೆಯದು ಮೊನ್ನೆ ಮೊನ್ನೆ ಎಲೆಗಳು ಗಾಳಿಯಿಂದಲೇ ಹೀರಿದ್ದು. ಅದರಲ್ಲಿಯೂ ಪೂರ್ತಿ ಪುಣ್ಯವಿಲ್ಲ. ಮೆಥನಾಲನ್ನು ಸಾಮಾನ್ಯವಾಗಿ ನೆಲದಡಿಯ ಅನಿಲದಿಂದಲೋ ಕಲ್ಲಿದ್ದಲಿನಿಂದಲೋ ತಯಾರಿಸುವುದರಿಂದ, ಬಯೋಡೀಸೆಲ್ಲಿನ ಒಂದೊಂದು ಅಣುವಿನ ಹತ್ತೊಂಬತ್ತು ಇಂಗಾಲ ಪರಮಾಣುಗಳಲ್ಲಿ ಒಂದು ಹಳೆಯ ಸಾಲದ್ದೇ. ಬೀಜವನ್ನು ಸಾಗಿಸುವ, ಅರೆಯುವ, ಕಾಯಿಸುವ ಖರ್ಚನ್ನೂ ಕೂಡಿಸಿಯೇ ಲಾಭವನ್ನು ಎಣಿಸಬೇಕು.

ಎಣ್ಣೆ ಎಲ್ಲಿಂದ ಬರಬೇಕು? ಇದೇ ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ. ಕುಸುಬೆ, ಸೂರ್ಯಕಾಂತಿ, ಶೇಂಗಾ ನಮ್ಮ ಸೀಮೆಯಲ್ಲಿ ಬೆಳೆಯುತ್ತವೆ, ನಿಜ. ಆದರೆ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಪರದೇಶದಿಂದ ತರಿಸುವ ದೇಶ ಅದನ್ನು ಎಂಜಿನ್ನಿಗೆ ಸುರಿಯುವುದು ಅವಿವೇಕ. ೨೦೦೩ರ ಸುಮಾರಿನಲ್ಲಿ ಜಟ್ರೋಫಾ ಎಂಬ ಕಾಡುಹರಳಿನ ಗಿಡವನ್ನು ಬಂಜರು ನೆಲದಲ್ಲೆಲ್ಲ ನೆಟ್ಟರೆ ದೇಶದ ದಾರಿದ್ರ್ಯವೇ ಹರಿಯುತ್ತದೆಂದು ದೊಡ್ಡ ಆಸೆ ಹುಟ್ಟಿತು. ನೀರಿಲ್ಲದ ನೆಲದಲ್ಲಿ ಆ ಗಿಡ ಬದುಕಿತೇ ಹೊರತು ಹೇಳಿದಷ್ಟು ಕಾಯಿ ಬಿಡಲಿಲ್ಲ. ೨೦೧೭ಕ್ಕೆ ಶೇಕಡ ೨೦ ಬೆರಕೆಯಾಗಬೇಕೆಂದು ೨೦೦೯ರ ರಾಷ್ಟ್ರೀಯ ನೀತಿ ಗುರಿಯಿಟ್ಟಿತ್ತು. ೨೦೧೭ ಬಂದಾಗ ಬಯೋಡೀಸೆಲ್ಲಿನ ಬೆರಕೆ ಶೇಕಡ ೧ನ್ನೂ ಮುಟ್ಟಿರಲಿಲ್ಲ. ೨೦೧೮ರ ಹೊಸ ನೀತಿ ೨೦೩೦ಕ್ಕೆ ಶೇಕಡ ೫ ಎಂದು ಗುರಿಯನ್ನು ತಗ್ಗಿಸಿತು. ಆಸೆಗೆ ಮರುಳಾಗಿ ನೆಟ್ಟು ಕೈಸುಟ್ಟುಕೊಂಡವರು ರೈತರು. ಆದುದರಿಂದ ರೈತನಿಗೆ ಹೇಳುವ ಲೆಕ್ಕ ಕಟ್ಟುನಿಟ್ಟಾಗಿರಬೇಕು.

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆಯ ಒಬ್ಬ ರೈತನ ಟ್ರ್ಯಾಕ್ಟರು ವರ್ಷಕ್ಕೆ ೧೦೦೦ ಲೀಟರು ಇಂಧನ ಉರಿಸುತ್ತದೆಂದು ಇಟ್ಟುಕೊಳ್ಳೋಣ. ಬಿ-೨೦ಗೆ ೨೦೦ ಲೀಟರು ಬಯೋಡೀಸೆಲ್, ಅಂದರೆ ಹೆಚ್ಚುಕಡಮೆ ಅಷ್ಟೇ ಎಣ್ಣೆ ಬೇಕು. ಬೆಳೆದ ಹೊಂಗೆಯ ಮರವೊಂದು ೨೦ ಕಿಲೋಗ್ರಾಂ ಬೀಜ ಕೊಟ್ಟಿತು, ನಾಲ್ಕು ಕಿಲೋಗೆ ಒಂದು ಕಿಲೋ ಎಣ್ಣೆ ಇಳಿಯಿತು ಎಂದರೆ, ಮರಕ್ಕೆ ಐದು ಲೀಟರಿಗಿಂತ ತುಸು ಹೆಚ್ಚು. ಹಾಗಾದರೆ ಬೇಕಾಗುವುದು ೩೭ ಮರ. ಪೂರ್ತಿ ಬಯೋಡೀಸೆಲ್ಲೇ ಬೇಕೆಂದರೆ ೨೦೦ ಮರ. ಮೂವತ್ತೇಳು ಮರಗಳನ್ನು ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಬಿತ್ತನೆಗೆ ಬಾರದ ಕಲ್ಲುನೆಲದಲ್ಲಿ ಬೆಳೆಸಬಹುದು. ಇನ್ನೂರು ಮರಕ್ಕಾಗಿ ತೊಗರಿಯ ಹೊಲವನ್ನು ಬಿಡಬೇಕಾಗುತ್ತದೆ. ಎಣ್ಣೆ ತೆಗೆದು ಉಳಿದ ಅರ್ಧ ಟನ್ನಿಗೂ ಮಿಕ್ಕ ಹಿಂಡಿ ಒಳ್ಳೆಯ ಗೊಬ್ಬರ. ಆದರೆ ಮರ ಚೆನ್ನಾಗಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಸುಮಾರು ೭೪೦ ಕಿಲೋಗ್ರಾಂ ಬೀಜವನ್ನು ಆಯ್ದು ಸುಲಿಯುವ ಕೂಲಿಯನ್ನೂ ಮರೆಯಬಾರದು. ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲಿ ಕಾಯಿ ಕೈಗೆ ಸಿಕ್ಕುವುದೊಂದು ಅನುಕೂಲ.

ಪಟ್ಟಣದಲ್ಲಿಯೂ ಒಂದು ಎಣ್ಣೆಯ ಗಣಿ ಇದೆ. ಅದು ಮಿರ್ಚಿ ಭಜಿಯ ಬಾಣಲೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಆರೋಗ್ಯಕ್ಕೆ ಕೇಡು. ಅಂತಹ ಎಣ್ಣೆ ಇಂತಿಷ್ಟು ಕೆಟ್ಟ ಮೇಲೆ ಅಡುಗೆಗೆ ಬಳಸಕೂಡದೆಂಬ ನಿಯಮ ೨೦೧೮ರ ಜುಲೈಯಿಂದ ಜಾರಿಗೆ ಬಂದಿತು. ಅದನ್ನು ಕೂಡಿಸಿ ಬಯೋಡೀಸೆಲ್ ಮಾಡಿಸುವ ಯೋಜನೆಯನ್ನು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ ಆರಂಭಿಸಿತು. ದಿನಕ್ಕೆ ಐದು ಲೀಟರು ಉಳಿಯುವ ನೂರು ಅಂಗಡಿಗಳು ಸೇರಿದರೆ ೫೦೦ ಲೀಟರು; ಅದರಿಂದ ದಿನಕ್ಕೆ ಸುಮಾರು ೨೫೦೦ ಲೀಟರು ಬಿ-೨೦. ಈ ಎಣ್ಣೆಗೆ ಮರ ನೆಡಬೇಕಾಗಿಲ್ಲ, ಐದು ವರ್ಷ ಕಾಯಬೇಕಾಗಿಲ್ಲ. ಅದು ಅಗ್ಗದ ತಿಂಡಿಯ ಬಾಣಲೆಗೆ ಮರಳಿ ಹೋಗುವುದು ತಪ್ಪಿದರೆ ಲಾಭ ಇಮ್ಮಡಿ.

ಬಳಸುವವರಿಗೆ ಕೆಲವು ಎಚ್ಚರಿಕೆಗಳು. ಬಯೋಡೀಸೆಲ್ ಟ್ಯಾಂಕಿನ ಹಳೆಯ ಜಿಡ್ಡನ್ನು ಕರಗಿಸುವುದರಿಂದ ಮೊದಮೊದಲು ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ, ಅದನ್ನು ಬದಲಿಸಬೇಕು. ಹಳೆಯ ರಬ್ಬರು ಕೊಳವೆಗಳು ಉಬ್ಬಿ ಸೋರಬಹುದು. ಗಾಳಿ, ನೀರು, ಬಿಸಿಲು ಈ ಇಂಧನವನ್ನು ಹುಳಿಸುತ್ತವೆ. ನಮ್ಮ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೂಡಿಡಬಾರದು. ೨೦೨೦ರ ಏಪ್ರಿಲ್ ನಂತರದ ಭಾರತ್ ಸ್ಟೇಜ್ ೬ರ ವಾಹನಗಳಲ್ಲಿ ಮಸಿಯನ್ನು ಹಿಡಿದು ಸುಡುವ ಸೋಸುಕವಿದೆ. ಅದನ್ನು ಶುದ್ಧಿಮಾಡಲು ಕೆಲವು ಎಂಜಿನ್ನುಗಳು ಹೆಚ್ಚುವರಿಯಾಗಿ ಚಿಮ್ಮಿಸುವ ಇಂಧನದಲ್ಲಿ ಬಯೋಡೀಸೆಲ್ಲಿನ ಅಂಶ ಬೇಗ ಆವಿಯಾಗದೆ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಭಾರತೀಯ ಮಾನಕವು ಸಾಧಾರಣ ಡೀಸೆಲ್ಲಿನಲ್ಲಿ ಶೇಕಡ ೭ರವರೆಗೆ ಮಾತ್ರ ಬೆರಕೆಯನ್ನು ಒಪ್ಪಿರುವುದು ಸುರಕ್ಷಿತವಾದ ಎಲ್ಲೆ. ಅದಕ್ಕಿಂತ ಹೆಚ್ಚು ಬೆರೆಸುವ ಮೊದಲು ಎಂಜಿನ್ನು ತಯಾರಿಸಿದವರ ಮಾತನ್ನು ಕೇಳಬೇಕು. ಬಯೋಡೀಸೆಲ್ ಎಂಬ ಹೆಸರಿನಲ್ಲಿ ಕೀಳು ತರಗತಿಯ ಕೈಗಾರಿಕಾ ಎಣ್ಣೆಯನ್ನು ಮಾರುವ ಮೋಸವೂ ದೇಶದಲ್ಲಿ ನಡೆದಿದೆ. ಮಾನಕದ ಪ್ರಮಾಣವಿಲ್ಲದ ಅಗ್ಗದ ಎಣ್ಣೆಯನ್ನು ಕೊಳ್ಳಬಾರದು.

ಹೀಗೆ ತೂಗಿ ನೋಡಿದರೆ ನಿರ್ಣಯ ತಾನಾಗಿ ತೋರುತ್ತದೆ. ಹೊಸ ವಾಹನಗಳ ಮಸಿಯನ್ನು ಸೋಸುಕವೇ ತಡೆಯುವುದರಿಂದ ಅಲ್ಲಿ ಎಣ್ಣೆಯ ಬೆರಕೆಯಿಂದ ಹೊಗೆಗೆ ಆಗುವ ಲಾಭ ಸ್ವಲ್ಪ. ಸೋಸುಕವಿಲ್ಲದ ಹಳೆಯ ಜನರೇಟರು, ಹಳೆಯ ಟ್ರ್ಯಾಕ್ಟರು, ಹಳೆಯ ಲಾರಿಗಳಲ್ಲಿ ಲಾಭ ಹೆಚ್ಚು. ಅವುಗಳ ಬದಿಯಲ್ಲಿ ನಿಂತು ದುಡಿಯುವವರಿಗೆ ಇನ್ನೂ ಹೆಚ್ಚು. ದೇಶದ ಡೀಸೆಲ್ಲನ್ನೆಲ್ಲ ಹೊಂಗೆಯಿಂದ ತುಂಬುವ ಮಾತು ಕನಸು. ಬದುವಿನ ಮರದಿಂದಲೂ ಬಾಣಲೆಯ ಉಳಿಕೆಯಿಂದಲೂ ಐದರಲ್ಲಿ ಒಂದು ಪಾಲನ್ನು ಕೂಡಿಸಿ, ತಕ್ಕ ಎಂಜಿನ್ನುಗಳಿಗೆ ತಕ್ಕ ಪರೀಕ್ಷೆಯೊಡನೆ ಕೊಡುವುದು ಸಾಧ್ಯವಾದ ಕೆಲಸ. ಅದರಿಂದ ಇಳಿಯುವ ಮಸಿ ಹತ್ತರಲ್ಲಿ ಒಂದು ಪಾಲೇ ಆಗಿರಬಹುದು. ಆ ಒಂದು ಪಾಲು ಯಾರ ಎದೆಗೆ ಹೋಗುತ್ತಿತ್ತೆಂದು ನೆನೆದರೆ ಅದನ್ನು ಅಲ್ಪವೆನ್ನಲು ಮನಸ್ಸು ಬಾರದು.